ಅಂಗಡಿಯ ವೈ-ಫೈಗೂ ಒಂದು ಜಗಲಿ ಬೇಕು

ರಾತ್ರಿ ಮಲಗುವ ಮೊದಲು ನೀವು ಎಷ್ಟು ಬೀಗ, ಚಿಲಕಗಳನ್ನು ನೋಡುತ್ತೀರಿ? ಹಿತ್ತಿಲ ಬಾಗಿಲಿನ ಅಗುಳಿ, ಮುಂಬಾಗಿಲಿನ ಚಿಲಕ, ಗ್ಯಾಸ್ ಸಿಲಿಂಡರಿನ ತಿರುಪು. ಬೀರುವಿನ ಬೀಗದ ಕೈ ತಲೆದಿಂಬಿನ ಕೆಳಗೆ ಇದೆಯೋ ಇಲ್ಲವೋ ಎಂದು ಒಮ್ಮೆ ಮುಟ್ಟಿ ನೋಡುವುದು. ನಾನಂತೂ ಇವುಗಳ ಜೊತೆಗೆ ಅಂಗಡಿಯ ಷಟರಿನ ಎರಡೂ ಬೀಗಗಳನ್ನು ಜಗ್ಗಿ ನೋಡದೆ ಮಲಗಿದವಳಲ್ಲ. ಇಷ್ಟೆಲ್ಲ ಜಾಗ್ರತೆಯಿದ್ದವಳ ಅಂಗಡಿಯ ಒಂದು ಬಾಗಿಲು ನಾಲ್ಕು ವರ್ಷ ಹಗಲೂ ರಾತ್ರಿ ಹಾರು ಹೊಡೆದುಕೊಂಡಿತ್ತು ಎಂದರೆ ನಂಬುತ್ತೀರಾ? ನನಗೂ ನಂಬಿಕೆ ಬಂದಿರಲಿಲ್ಲ. ಆ ಕಥೆಯನ್ನೇ ಹೇಳಹೊರಟಿದ್ದೇನೆ. ಮನೆಯಲ್ಲಿ ಹಪ್ಪಳ ಮಾಡಿ ಮಾರುವವರು, ಬ್ಯೂಟಿ ಪಾರ್ಲರ್ ಇಟ್ಟವರು, ಟ್ಯೂಷನ್ ಹೇಳುವವರು, ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಎಲ್ಲ ಸೋದರಿಯರೂ ಸ್ವಲ್ಪ ಬಿಡುವು ಮಾಡಿಕೊಂಡು ಓದಿ.

ನಮ್ಮದು ತೀರ್ಥಹಳ್ಳಿ. ಕೆಳಗೆ ಅಂಗಡಿ, ಮೇಲೆ ಮನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮದುವೆಯಾಗಿ ಬಂದ ಮೇಲೆ ನಾದಿನಿಯ ಜೊತೆ ಸೇರಿ ಸೀರೆಗೆ ಫಾಲ್ ಹಚ್ಚುವುದು, ಕುಚ್ಚು ಕಟ್ಟುವುದು, ರವಿಕೆ ಹೊಲಿಯುವುದು ಎಂದು ಶುರುವಾದದ್ದು ಈಗ ಸಣ್ಣದೊಂದು ಸೀರೆ ಅಂಗಡಿಯಾಗಿದೆ. ಮೂರು ಹೊಲಿಗೆ ಯಂತ್ರ, ಕೆಲಸಕ್ಕೆ ಇಬ್ಬರು ಹುಡುಗಿಯರು, ಬಿಲ್ ಹಾಕಲು ಒಂದು ಕಂಪ್ಯೂಟರ್. ಸೀರೆಯನ್ನು ಕಂತಿನ ಮೇಲೆ ಕೊಡುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಆ ಉದ್ರಿ ಲೆಕ್ಕವೆಲ್ಲ ಹಿಂದೆ ಕೆಂಪು ರಟ್ಟಿನ ಉದ್ದನೆಯ ಪುಸ್ತಕದಲ್ಲಿತ್ತು. ಪುಸ್ತಕ ಮೇಜಿನ ಡ್ರಾಯರಿನಲ್ಲಿ, ಡ್ರಾಯರಿನ ಬೀಗದ ಕೈ ನನ್ನ ಸೆರಗಿನ ತುದಿಯಲ್ಲಿ. ಯಾರ ಬಾಕಿ ಎಷ್ಟು ಎಂಬುದು ನನಗೆ, ನಾದಿನಿಗೆ ಬಿಟ್ಟರೆ ನಮ್ಮ ಯಜಮಾನರಿಗೂ ಗೊತ್ತಿರಲಿಲ್ಲ.

ಮಗ ಕಾಲೇಜಿನ ರಜೆಯಲ್ಲಿ ಅದನ್ನೆಲ್ಲ ಕಂಪ್ಯೂಟರಿಗೆ ಹತ್ತಿಸಿದ. ಹೆಸರು, ಫೋನ್ ನಂಬರು, ಬಾಕಿ, ಅದರ ಪಕ್ಕದಲ್ಲೇ ರವಿಕೆಯ ಅಳತೆ. ಎದೆ ಇಷ್ಟು, ಸೊಂಟ ಇಷ್ಟು, ತೋಳು ಇಷ್ಟು. ಮೇಲೆ ಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲೂ ನೋಡುವಂತಾಗಲಿ ಎಂದು ಆ ಫೋಲ್ಡರನ್ನು ಎರಡೂ ಕಡೆ ಕಾಣುವ ಹಾಗೆ ಹಂಚಿಕೆಗೆ ಇಟ್ಟ. ಪ್ರತಿ ಸಲ ಪಾಸ್‌ವರ್ಡ್ ಕೇಳಿದರೆ ಅಮ್ಮನಿಗೆ ಕಷ್ಟ ಎಂದು ಅದನ್ನೂ ತೆಗೆದ. ಮಕ್ಕಳ ಪ್ರೀತಿ ಕೆಲವು ಸಲ ಹೀಗೇ ಇರುತ್ತದೆ, ಬಿಡಿ.

ಕಳೆದ ವರ್ಷ ಗೌರಿ ಹಬ್ಬಕ್ಕೆ ಒಂದು ವಾರ ಇತ್ತು. ಅಂಗಡಿ ತುಂಬ ಜನ. ಒಬ್ಬರು ತಾಯಿ ಸೀರೆ ಆರಿಸುತ್ತಾ ಇದ್ದರು. ಜೊತೆಯಲ್ಲಿ ಬಂದ ಹುಡುಗ, ಹದಿನೈದು ವರ್ಷ ಇರಬಹುದು, ಬೇಜಾರಾಗಿ, ‘ಆಂಟಿ, ವೈ-ಫೈ ಪಾಸ್‌ವರ್ಡ್ ಏನು?’ ಅಂದ. ಗೋಡೆಯ ಮೇಲೆ ರಟ್ಟಿನಲ್ಲಿ ಬರೆದು ನೇತುಹಾಕಿದ್ದೆವು, ತೋರಿಸಿದೆ. ಗಿರಾಕಿಗಳಿಗೆ ಮಜ್ಜಿಗೆ ಕೊಟ್ಟ ಹಾಗೆ ಇದನ್ನೂ ಕೊಡುವುದು ಈಗ ಪದ್ಧತಿಯಾಗಿಬಿಟ್ಟಿದೆಯಲ್ಲ! ಹತ್ತು ನಿಮಿಷ ಆಗಿರಬೇಕು. ‘ಆಂಟಿ, ನಿಮ್ ಅಂಗ್ಡಿ ಕಂಪ್ಯೂಟರ್ ನನ್ ಫೋನಲ್ಲಿ ಬರ್ತಿದೆ’ ಅಂತ ನಗಾಡಿದ. ನಾನು ಏನೆಂದು ತಿಳಿಯದೆ ನೋಡುತ್ತಿರುವಾಗಲೇ ಗಟ್ಟಿಯಾಗಿ ಓದಿಯೂ ಬಿಟ್ಟ. ‘ಅಯ್ಯೋ, ಇವ್ರು ನಮ್ ಸೋಷಿಯಲ್ ಮಿಸ್ ಅಲ್ವಾ? ನಾಲ್ಕು ಸಾವಿರದ ಇನ್ನೂರು ಬಾಕಿ!’

ಅಂಗಡಿಯಲ್ಲಿ ಆರು ಜನ ಹೆಂಗಸರಿದ್ದರು. ಎಲ್ಲರೂ ಸುಮ್ಮನಾದರು. ಹುಡುಗನ ತಾಯಿ ಅವನ ಕೈಗೊಂದು ಏಟು ಹಾಕಿದರು. ನಾನು ಫೋನ್ ಕಿತ್ತುಕೊಂಡು ನೋಡಿದರೆ ಬಾಕಿಯ ಪಕ್ಕದ ಸಾಲಿನಲ್ಲೇ ಅಳತೆಗಳು. ಹುಡುಗನ ಕಣ್ಣು ಅಲ್ಲಿಗೆ ಹೋಗಿತ್ತೋ ಇಲ್ಲವೋ, ದೇವರಿಗೇ ಗೊತ್ತು. ಅವನಿಗಿಂತ ಮೊದಲು ಬಂದು, ಸುಮ್ಮನೆ ನೋಡಿ ಸುಮ್ಮನೆ ಹೋದವರು ಎಷ್ಟು ಜನವೋ ಎಂದು ಯೋಚಿಸಿದಾಗ ಕಾಲಿನ ಶಕ್ತಿಯೇ ಉಡುಗಿಹೋಯಿತು.

ಆ ಟೀಚರು ಗಂಡನನ್ನು ಕಳೆದುಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿರುವವರು. ಒಂದು ಕಂತೂ ತಪ್ಪಿಸಿದವರಲ್ಲ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಬೇಕು ಅನ್ನಿಸಿ ಸಂಜೆಯೇ ಅವರ ಮನೆಗೆ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಫಿ ಕೊಟ್ಟರು. ‘ನೀವಾಗೇ ಬಂದು ಹೇಳಿದ್ರಲ್ಲ, ಆಯ್ತು ಬಿಡಿ’ ಎಂದರು. ನಾಲ್ಕು ಮಾತು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಮರುದಿನ ದೊಡ್ಡ ಮಗಳ ಕೈಯಲ್ಲಿ ಬಾಕಿ ಪೂರ್ತಿ ಕಳಿಸಿದರು. ಆಮೇಲೆ ಅಂಗಡಿಯ ಕಡೆ ಬರಲಿಲ್ಲ.

ಹಬ್ಬಕ್ಕೆ ಅಕ್ಕನ ಮಗಳು ಬಂದಿದ್ದಳು. ಬೆಂಗಳೂರಿನ ಒಂದು ಕಂಪನಿಯಲ್ಲಿ ಇವೇ ನೆಟ್‌ವರ್ಕ್ ಕೆಲಸ ಅವಳದು. ಕಡುಬು ತಿನ್ನುತ್ತಾ ನನ್ನ ಗೋಳು ಕೇಳಿದವಳು ಕೈ ತೊಳೆದು ಸೀದಾ ಅಂಗಡಿಗೆ ಇಳಿದಳು. ನಮ್ಮ ರೂಟರನ್ನು ನಾನು ಕಬ್ಬಿಣದ ಬೀರುವಿನೊಳಗೆ ಇಟ್ಟು ಬೀಗ ಹಾಕಿದ್ದೆ.

‘ಇದನ್ಯಾಕೆ ಇಲ್ಲಿಟ್ಟಿದ್ದೀ ಚಿಕ್ಕಮ್ಮ?’

‘ಕಳ್ಳರು ಬಂದ್ರೆ?’

‘ಕಳ್ಳರು ಬೀರು ಮುಟ್ಟದೇನೇ ಒಳಗೆ ಬರ್ತಾರೆ, ನೋಡ್ತಿರು’ ಎಂದು ತನ್ನ ಫೋನಿನಲ್ಲಿ ಒಂದು ಸಂಖ್ಯೆ ಒತ್ತಿದಳು. 192.168.1.1. ರೂಟರಿನ ಒಳಕೋಣೆಯ ವಿಳಾಸವಂತೆ ಅದು. ಬೇರೆ ಬೇರೆ ಕಂಪನಿಯವರದು ಸ್ವಲ್ಪ ಬೇರೆ ಇರಬಹುದು. ಡಬ್ಬಿಯ ತಳದಲ್ಲಿ ಅಚ್ಚಾಗಿರುತ್ತದೆ. ಹೆಸರು ಕೇಳಿತು, ‘ಅಡ್ಮಿನ್’ ಎಂದು ಬರೆದಳು. ಪಾಸ್‌ವರ್ಡ್ ಕೇಳಿತು, ಅದಕ್ಕೂ ‘ಅಡ್ಮಿನ್’ ಎಂದೇ ಬರೆದಳು. ತೆರೆದುಕೊಂಡಿತು! ಸಂಪರ್ಕ ಕೊಡಲು ಬಂದವರು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಹಾಗೇ ಬಿಟ್ಟು ಹೋಗಿದ್ದರು. ನಾವೂ ಕೇಳಿರಲಿಲ್ಲ. ಹೊಸ ಮನೆಗೆ ಹೋದಾಗ ಮೊದಲು ಬೀಗ ಬದಲಾಯಿಸುವ ನಮಗೆ ಇದು ಹೊಳೆಯಲಿಲ್ಲ ನೋಡಿ.

ಎರಡು ದಿನ ಅವಳ ಹತ್ತಿರ ಪಾಠ ಹೇಳಿಸಿಕೊಂಡೆ. ನನಗೆ ಅರ್ಥವಾದ ರೀತಿಯಲ್ಲಿ ನಿಮಗೂ ಹೇಳುತ್ತೇನೆ.

ಹೊರಗಿನ ಕಂಬದಿಂದ ಬರುವ ಇಂಟರ್ನೆಟ್ ತಂತಿಗೂ, ನಮ್ಮ ಫೋನು, ಕಂಪ್ಯೂಟರು, ಪ್ರಿಂಟರುಗಳಿಗೂ ನಡುವೆ ನಿಂತು ಹಂಚುವುದೇ ರೂಟರ್. ಮನೆಯೊಳಗಿನ ಪ್ರತಿಯೊಂದು ಉಪಕರಣಕ್ಕೂ ಒಂದೊಂದು ಒಳನಂಬರು ಕೊಡುತ್ತದೆ. ಹೊರಜಗತ್ತಿಗೆ ಕಾಣುವುದು ಇಡೀ ಮನೆಗೆ ಸೇರಿ ಒಂದೇ ನಂಬರು. ಕೂಡು ಕುಟುಂಬದ ಮನೆಗೆ ಕಾಗದ ಬಂದರೆ ವಿಳಾಸ ಯಜಮಾನರದು, ಒಳಗೆ ತಂದು ‘ಇದು ದೊಡ್ಡ ಸೊಸೆಗೆ, ಇದು ಕಿರಿ ಮಗನಿಗೆ’ ಎಂದು ಹಂಚುತ್ತಿದ್ದರಲ್ಲ, ಹಾಗೆ. ನಾವು ಕೇಳಿದ್ದಕ್ಕೆ ಬಂದ ಉತ್ತರವನ್ನು ಒಳಗೆ ಬಿಡುತ್ತದೆ. ಕೇಳದೆ ತಾನಾಗಿ ಬಂದದ್ದನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತದೆ. ಈ ಕಾವಲಿಗೆ ಫೈರ್‌ವಾಲ್ ಎಂದು ಹೆಸರು. ಅದು ನಮ್ಮ ಹಳೆಯ ರೂಟರಿನಲ್ಲೂ ಇತ್ತು. ಆದರೆ ನಾನು ಆ ಹುಡುಗನನ್ನು ಪಾಸ್‌ವರ್ಡ್ ಕೊಟ್ಟು ಹೊಸ್ತಿಲ ಒಳಗೇ ಕರೆದುಬಿಟ್ಟಿದ್ದೆ. ಒಳಗೆ ಬಂದವರ ಮೇಲೆ ಕಾವಲೆಲ್ಲಿ?

ಇದಕ್ಕೆ ಪರಿಹಾರವೇ ನಾನು ಹೇಳಬೇಕೆಂದಿರುವ ಜಗಲಿ. ನಮ್ಮ ಮಲೆನಾಡಿನ ಮನೆಗಳನ್ನು ನೀವು ನೋಡಿದ್ದರೆ ಗೊತ್ತು. ಬಂದವರೆಲ್ಲ ಜಗಲಿಯಲ್ಲಿ ಕೂರುತ್ತಾರೆ. ಅಲ್ಲಿಗೇ ಬೆಲ್ಲ, ನೀರು, ಕಾಫಿ ಹೋಗುತ್ತದೆ. ನೆಂಟರು ನಡುಮನೆಯವರೆಗೆ ಬರಬಹುದು. ಅಡುಗೆಮನೆಗೆ, ದೇವರಕೋಣೆಗೆ ಮನೆಯವರು ಮಾತ್ರ. ಜಗಲಿಯಲ್ಲಿ ಕೂತವರಿಗೆ ಇದರಿಂದ ಅವಮಾನವೇನೂ ಇಲ್ಲ, ಅಲ್ಲವೇ? ರೂಟರಿನಲ್ಲೂ ಹಾಗೆಯೇ ‘ಗೆಸ್ಟ್ ನೆಟ್‌ವರ್ಕ್’ ಎಂಬುದನ್ನು ಮಾಡಬಹುದು. ಒಂದೇ ಡಬ್ಬಿಯಿಂದ ಎರಡು ಹೆಸರಿನ ವೈ-ಫೈ ಹೊರಡುತ್ತದೆ. ಒಂದು ಮನೆಯವರಿಗೆ, ಒಂದು ಬಂದವರಿಗೆ. ಬಂದವರಿಗೆ ಇಂಟರ್ನೆಟ್ ಸಿಗುತ್ತದೆ; ಬಿಲ್ಲಿನ ಕಂಪ್ಯೂಟರ್ ಇದೆ ಎಂಬ ಸುಳಿವೂ ಸಿಗುವುದಿಲ್ಲ. ಅದರ ಜೊತೆಗೇ ‘ಐಸೊಲೇಷನ್’ ಎಂಬ ಒಂದು ಗುಂಡಿ ಇರುತ್ತದೆ. ಅದನ್ನೂ ಒತ್ತಿದರೆ ಜಗಲಿಯಲ್ಲಿ ಕೂತ ಒಬ್ಬರ ಫೋನು ಇನ್ನೊಬ್ಬರ ಫೋನಿಗೆ ಕಾಣುವುದಿಲ್ಲ. ಮಕ್ಕಳ ಫೋನಿಗೆ ಯಾರೋ ಅಪರಿಚಿತರು ಇಣುಕುವುದು ತಪ್ಪುತ್ತದೆ.

ವ್ಯಾಪಾರಕ್ಕೆಂದೇ ಮಾಡಿದ ರೂಟರುಗಳಲ್ಲಿ ಎರಡಲ್ಲ, ನಾಲ್ಕಾರು ಕೋಣೆ ಮಾಡಬಹುದು. ವಿ-ಲ್ಯಾನ್ ಎಂದು ಅದಕ್ಕೆ ಹೆಸರು. ನಮ್ಮಲ್ಲಿ ಈಗ ಮೂರಿವೆ. ಬಿಲ್ಲಿನ ಕಂಪ್ಯೂಟರು, ಪ್ರಿಂಟರು, ಮೇಲಿನ ಲ್ಯಾಪ್‌ಟಾಪು ಒಂದು ಕೋಣೆಯಲ್ಲಿ. ಗಿರಾಕಿಗಳು ಜಗಲಿಯಲ್ಲಿ. ಸಿಸಿಟಿವಿ ಕ್ಯಾಮೆರಾಗಳದ್ದೇ ಬೇರೆ ಕೋಣೆ. ಕ್ಯಾಮೆರಾಕ್ಕೇಕೆ ಇಷ್ಟು ಮಡಿ ಎಂದು ನಾನೂ ಕೇಳಿದೆ. ಅದಕ್ಕೆ ಅವಳು ಹೇಳಿದ ಸಂಗತಿ ಕೇಳಿ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ಪ್ರೋಗ್ರಾಂ ಹುಟ್ಟಿಕೊಂಡಿತ್ತು. ಅದು ಮಾಡಿದ್ದು ದೊಡ್ಡ ಮಂತ್ರವಿದ್ಯೆಯೇನಲ್ಲ. ಕಾರ್ಖಾನೆಯಿಂದ ಬಂದ ಸುಮಾರು 60 ಹೆಸರು-ಪಾಸ್‌ವರ್ಡುಗಳ ಪಟ್ಟಿ ಹಿಡಿದು ಪ್ರಪಂಚದ ಕ್ಯಾಮೆರಾ, ರೂಟರುಗಳ ಬಾಗಿಲನ್ನೆಲ್ಲ ತಟ್ಟುತ್ತಾ ಹೋಯಿತು. ನಮ್ಮಂಥವರು ಬದಲಾಯಿಸದೆ ಬಿಟ್ಟ ಬಾಗಿಲುಗಳೆಲ್ಲ ತೆರೆದವು. ಹಾಗೆ ವಶವಾದ ಉಪಕರಣಗಳನ್ನೆಲ್ಲ ಒಟ್ಟಿಗೆ ಛೂ ಬಿಟ್ಟು ಅದೇ ವರ್ಷದ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದ ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಸಿಗದ ಹಾಗೆ ಮಾಡಿದರು. ಯಾರದೋ ಅಂಗಡಿಯ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಕ್ಯಾಮೆರಾ ಆ ದರೋಡೆ ಗುಂಪಿನಲ್ಲಿ ಒಂದು. ಅದರ ಒಡೆಯರಿಗೆ ಗೊತ್ತೇ ಇಲ್ಲ!

ನಮ್ಮ ದೇಶದ ಒಂದು ಉದಾಹರಣೆಯೂ ಇದೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬ್ ಸ್ಫೋಟಗಳಾದವಲ್ಲ, ಅದಕ್ಕೆ ಸ್ವಲ್ಪವೇ ಮುಂಚೆ ಹೋದ ಬೆದರಿಕೆಯ ಇ-ಮೇಲ್ ನವಿ ಮುಂಬೈಯಲ್ಲಿ ವಾಸವಾಗಿದ್ದ ಅಮೆರಿಕದವರೊಬ್ಬರ ಮನೆಯ ವೈ-ಫೈ ಮೂಲಕ ಹೋಗಿತ್ತು. ಪೊಲೀಸರು ಮೊದಲು ಹೋದದ್ದು ಅವರ ಮನೆಗೇ. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರನ್ನು ತಾನೇ ಕೇಳುವುದು? ಇದನ್ನು ಕೇಳಿದ ಮೇಲೆ ನಮ್ಮ ಯಜಮಾನರು, ಅದುವರೆಗೆ ‘ಇದೆಲ್ಲ ಯಾಕೆ ಸುಮ್ಮನೆ’ ಎನ್ನುತ್ತಿದ್ದವರು, ತಾವೇ ಶಿವಮೊಗ್ಗಕ್ಕೆ ಹೋಗಿ ಹೊಸ ರೂಟರ್ ತರಲು ಹೊರಟರು. ನಮ್ಮದಕ್ಕೆ ಬಿದ್ದದ್ದು 3,400 ರೂಪಾಯಿ. ಹೋದದ್ದು ಒಂದು ಒಳ್ಳೆಯ ಸೀರೆಯ ದುಡ್ಡು.

ಕೊಳ್ಳುವಾಗ ಡಬ್ಬಿಯ ಮೇಲೆ ಮುಖ್ಯವಾಗಿ ಒಂದು ಮಾತು ಹುಡುಕಿ: ಡಬ್ಲ್ಯುಪಿಎ-3. ಗಾಳಿಯಲ್ಲಿ ಹೋಗುವ ನಮ್ಮ ಮಾತನ್ನು ಬೇರೆಯವರಿಗೆ ಅರ್ಥವಾಗದ ಗುಪ್ತಲಿಪಿಗೆ ತಿರುಗಿಸುವ ಪದ್ಧತಿಯ ಹೆಸರು ಅದು. ಮೊದಮೊದಲು ಇದ್ದ ‘ವೆಪ್’ ಎಂಬ ಪದ್ಧತಿಯನ್ನು 2001ರಲ್ಲೇ ವಿದ್ವಾಂಸರು ಒಡೆದು ತೋರಿಸಿದರು. 2003ರಲ್ಲಿ ಡಬ್ಲ್ಯುಪಿಎ, 2004ರಲ್ಲಿ ಡಬ್ಲ್ಯುಪಿಎ-2, 2018ರಲ್ಲಿ ಡಬ್ಲ್ಯುಪಿಎ-3 ಬಂದವು. ಎರಡಕ್ಕೂ ಮೂರಕ್ಕೂ ಏನು ವ್ಯತ್ಯಾಸ ಅಂದರೆ, ಎರಡನೆಯದರಲ್ಲಿ ನಮ್ಮ ಫೋನು ರೂಟರಿಗೆ ಸೇರಿಕೊಳ್ಳುವಾಗಿನ ಮಾತುಕತೆಯನ್ನು ರಸ್ತೆಯಲ್ಲಿ ನಿಂತವನು ಹಿಡಿದಿಟ್ಟುಕೊಂಡು, ಮನೆಗೆ ಹೋಗಿ ಪುರುಸೊತ್ತಾಗಿ ಲಕ್ಷಗಟ್ಟಲೆ ಪಾಸ್‌ವರ್ಡುಗಳನ್ನು ಹೊಂದಿಸಿ ನೋಡಬಹುದು. ಬೀಗದ ಅಚ್ಚು ತೆಗೆದುಕೊಂಡು ಹೋದ ಹಾಗೆ. ಮೂರನೆಯದರಲ್ಲಿ ಆ ಆಟ ನಡೆಯುವುದಿಲ್ಲ. ಪ್ರತಿ ಊಹೆಯನ್ನೂ ನಮ್ಮ ಬಾಗಿಲಲ್ಲೇ ನಿಂತು ಕೇಳಬೇಕು. ಹಳೆಯ ಫೋನುಗಳಿಗೆ ಮೂರನೆಯದು ಬರುವುದಿಲ್ಲ. ನಾದಿನಿಯ ಫೋನು ಹಟ ಹಿಡಿಯಿತು. ಅಂಥವುಗಳಿಗಾಗಿ ಎರಡೂ ಸೇರಿದ ಆಯ್ಕೆ ಇರುತ್ತದೆ, ಚಿಂತೆಯಿಲ್ಲ.

ಎರಡನೆಯದನ್ನೇ ಇಟ್ಟುಕೊಳ್ಳುವವರು ಪಾಸ್‌ವರ್ಡನ್ನು ಉದ್ದ ಮಾಡಿ. ಕನಿಷ್ಠ 8 ಅಕ್ಷರ ಇರಲೇಬೇಕೆಂಬುದು ನಿಯಮ, 63ರವರೆಗೂ ಇಡಬಹುದು. ನಮ್ಮದು ಮೊದಲು ಅಂಗಡಿಯ ಹೆಸರಿನ ಮುಂದೆ 123 ಇತ್ತು. ಊರಿನಲ್ಲಿ ಅರ್ಧ ಅಂಗಡಿಗಳದ್ದು ಹಾಗೇ ಇದೆ ಎಂದು ನನ್ನ ಗುಮಾನಿ. ಅಕ್ಕನ ಮಗಳು ಹೇಳಿಕೊಟ್ಟ ಉಪಾಯ ಚೆನ್ನಾಗಿದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆಯುವುದು. ಹಲಸು, ಕತ್ತರಿ, ಗುಡುಗು, ಇಸ್ತ್ರಿ ಎಂಬ ಹಾಗೆ. ಇದನ್ನೇ ಇಟ್ಟುಬಿಡಬೇಡಿ ಮತ್ತೆ! ನಿಮ್ಮ ಮನೆಯ ಪದ ನೀವೇ ಆರಿಸಿ. ನೆನಪಿಡಲು ಸುಲಭ, ಊಹಿಸಲು ಕಷ್ಟ. ಒಳಕೋಣೆಯ ವೈ-ಫೈಗೆ ಒಂದು, ಜಗಲಿಯದಕ್ಕೆ ಇನ್ನೊಂದು, ರೂಟರಿನ ಸ್ವಂತ ಬೀಗಕ್ಕೆ ಮತ್ತೊಂದು. ಹೀಗೆ ಮೂರು ಬೇಕು. ಮೂರನ್ನೂ ಕಾಗದದಲ್ಲಿ ಬರೆದು ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆ ಇಟ್ಟಿದ್ದೇನೆ. ಜಗಲಿಯದನ್ನು ಮಾತ್ರ ತಿಂಗಳಿಗೊಮ್ಮೆ, ಕ್ಯಾಲೆಂಡರಿನ ಹಾಳೆ ಮಗುಚುವಾಗ, ಬದಲಾಯಿಸುತ್ತೇನೆ. ಕೆಲಸ ಬಿಟ್ಟು ಹೋದವರಿಗೆ ಒಳಕೋಣೆಯ ಪಾಸ್‌ವರ್ಡ್ ಗೊತ್ತಿದ್ದರೆ ಅದನ್ನೂ ಆ ದಿನವೇ ಬದಲಾಯಿಸಬೇಕು. ಅವರ ಮೇಲೆ ಅಪನಂಬಿಕೆಯಿಂದಲ್ಲ. ಅಂಗಡಿ ಬೀಗದ ಕೈಯನ್ನು ವಾಪಸು ಇಸಕೊಳ್ಳುವುದಿಲ್ಲವೇ?

ಕೆಲವು ರೂಟರುಗಳಲ್ಲಿ ಡಬ್ಲ್ಯುಪಿಎಸ್ ಎಂಬ ಸೌಲಭ್ಯ ಇರುತ್ತದೆ. ಪಾಸ್‌ವರ್ಡ್ ಬದಲು 8 ಅಂಕಿಯ ಸಂಖ್ಯೆ ಕೊಟ್ಟು ಸೇರಿಕೊಳ್ಳುವುದು. ಇದನ್ನು ಆರಿಸಿಬಿಡಿ. 8 ಅಂಕಿ ಎಂದರೆ ಕೋಟಿಗಟ್ಟಲೆ ಸಾಧ್ಯತೆ ಎಂದು ನಾವು ತಿಳಿಯುತ್ತೇವೆ. ಆದರೆ ಅದು ಸಂಖ್ಯೆಯನ್ನು ಎರಡು ತುಂಡು ಮಾಡಿ ಒಂದೊಂದನ್ನೇ ಸರಿಯೋ ತಪ್ಪೋ ಎಂದು ಹೇಳುತ್ತದಂತೆ. ಹಾಗಾಗಿ ಸುಮಾರು 11,000 ಸಲ ಪ್ರಯತ್ನಿಸಿದರೆ ಸಾಕು ಎಂಬುದು 2011ರಲ್ಲೇ ಬಯಲಾಗಿದೆ. ಹೊರಗಿನಿಂದ ರೂಟರನ್ನು ನಿಯಂತ್ರಿಸುವ ‘ರಿಮೋಟ್ ಮ್ಯಾನೇಜ್‌ಮೆಂಟ್’ ಕೂಡ ಆರಿರಲಿ.

ಇನ್ನೊಂದು ಮಾತು ಹೆಚ್ಚಿನವರು ಮರೆಯುತ್ತಾರೆ. ರೂಟರಿನೊಳಗೂ ಒಂದು ಪ್ರೋಗ್ರಾಂ ಇರುತ್ತದೆ, ಫರ್ಮ್‌ವೇರ್ ಎಂದು. ಅದರಲ್ಲಿ ತೂತು ಕಂಡಾಗಲೆಲ್ಲ ತಯಾರಿಸಿದವರು ತೇಪೆ ಕಳಿಸುತ್ತಾರೆ. ನಾವು ಹಾಕಿಕೊಳ್ಳಬೇಕು. 2017ರಲ್ಲಿ ಬೆಲ್ಜಿಯಂ ದೇಶದ ಸಂಶೋಧಕರು ಡಬ್ಲ್ಯುಪಿಎ-2ರಲ್ಲೇ ಒಂದು ದೋಷ ತೋರಿಸಿಕೊಟ್ಟಾಗ ಪ್ರಪಂಚವೆಲ್ಲ ತೇಪೆ ಹಾಕಬೇಕಾಯಿತು. ಮರುವರ್ಷ, 2018ರಲ್ಲಿ, ಮನೆ ಮತ್ತು ಸಣ್ಣ ಕಚೇರಿಗಳ ಸುಮಾರು 5 ಲಕ್ಷ ರೂಟರುಗಳಿಗೆ, ಕನಿಷ್ಠ 54 ದೇಶಗಳಲ್ಲಿ, ‘ವಿಪಿಎನ್‌ಫಿಲ್ಟರ್’ ಎಂಬ ರೋಗ ತಗುಲಿತ್ತು. ಅಮೆರಿಕದ ಎಫ್‌ಬಿಐಯವರು ‘ನಿಮ್ಮ ರೂಟರನ್ನು ಒಮ್ಮೆ ಆರಿಸಿ ಹಾಕಿ’ ಎಂದು ಜನರನ್ನು ಕೇಳಿಕೊಂಡರು. ಹಾಗಾಗಿ ಕೊಳ್ಳುವಾಗಲೇ ‘ಈ ಮಾದರಿಗೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ, ತಾನಾಗೇ ಹಾಕಿಕೊಳ್ಳುತ್ತದೆಯೇ’ ಎಂದು ಕೇಳಿ. ಅಂಗಡಿಯವನು ಮುಖ ಮುಖ ನೋಡಿದರೂ ಬಿಡಬೇಡಿ. ನಮ್ಮ ಹಳೆಯದಕ್ಕೆ ತೇಪೆ ಬರುವುದೇ ನಿಂತುಹೋಗಿತ್ತು. ಅದನ್ನು ಯಾರಿಗೂ ದಾನ ಮಾಡಲು ಅಕ್ಕನ ಮಗಳು ಬಿಡಲಿಲ್ಲ.

ಮಗನ ಫೋಲ್ಡರಿನ ಕಥೆ ಏನಾಯಿತು ಅಂತೀರಾ? ಅದಕ್ಕೆ ಪಾಸ್‌ವರ್ಡ್ ಹಾಕಿಸಿದೆ. ಜಗಲಿ ಮಾಡಿದ ಮೇಲೂ ಹಾಕಲೇಬೇಕು. ಅಡುಗೆಮನೆಗೆ ಯಾರೂ ಬರುವುದಿಲ್ಲ ಎಂದು ಹಾಲಿನ ಪಾತ್ರೆ ಮುಚ್ಚದೆ ಬಿಡುತ್ತೇವೆಯೇ? ಬೆಕ್ಕು ಇದ್ದೇ ಇರುತ್ತದೆ.

ಮೈಸೂರಿನಲ್ಲಿರುವ ಮಗನಿಗೆ ಅಲ್ಲಿಂದಲೇ ತಿಂಗಳ ಲೆಕ್ಕ ನೋಡುವ ಆಸೆ. ಅದಕ್ಕೆ ವಿಪಿಎನ್ ಎಂಬ ದಾರಿ ಇದೆ. ಇಬ್ಬರಿಗೆ ಮಾತ್ರ ಗೊತ್ತಿರುವ ಸುರಂಗ ಎಂದುಕೊಳ್ಳಿ. ಒಳಗೆ ಹೋಗುವುದು ಏನೆಂದು ಹೊರಗಿನವರಿಗೆ ಕಾಣುವುದಿಲ್ಲ. ವ್ಯಾಪಾರದ ರೂಟರುಗಳಲ್ಲಿ ಇದು ಇರುತ್ತದೆ. ಆದರೆ ನಮ್ಮಲ್ಲಿ ಕೂಡಲೇ ಆಗಲಿಲ್ಲ. ಏಕೆಂದರೆ ಸಂಪರ್ಕ ಕೊಟ್ಟವರು ಹಲವು ಮನೆಗಳಿಗೆ ಸೇರಿಸಿ ಒಂದೇ ಹೊರನಂಬರು ಕೊಟ್ಟಿದ್ದರು. ನಮ್ಮದೇ ಆದ ನಂಬರು ಬೇಕಾದರೆ ಬೇರೆ ದುಡ್ಡು. ಮಗ ಬಂದಾಗಲೇ ನೋಡಲಿ ಎಂದು ನಾನು ಬಿಟ್ಟೆ. ಆ ನೆಪದಲ್ಲಾದರೂ ಬರುತ್ತಾನೆ.

ಇನ್ನು ರೂಟರನ್ನು ಎಲ್ಲಿಡಬೇಕು? ಕಬ್ಬಿಣದ ಬೀರುವಿನಲ್ಲಂತೂ ಅಲ್ಲ. ಲೋಹ, ದೊಡ್ಡ ಕನ್ನಡಿ, ನೀರಿನ ತೊಟ್ಟಿ ಇವೆಲ್ಲ ವೈ-ಫೈ ಅಲೆಗಳಿಗೆ ಅಡ್ಡಿ. ಸೀರೆ ಅಂಗಡಿಯಲ್ಲಿ ಕನ್ನಡಿಗೆ ಬರವೇ? ನಮ್ಮ ಮನೆಯ ಗೋಡೆ ಬೇರೆ ಹಳೆಯ ಜಂಬಿಟ್ಟಿಗೆಯದು, ಮೊಳದ ದಪ್ಪ. ಈಗ ಅಂಗಡಿಯ ಮಧ್ಯದಲ್ಲಿ ಎತ್ತರದ ಮರದ ಹಲಗೆಯ ಮೇಲೆ, ಕೈಗೆ ಸುಲಭವಾಗಿ ಎಟುಕದ ಹಾಗೆ ಇಟ್ಟಿದ್ದೇವೆ. ಕೈಗೆ ಎಟುಕಬಾರದು ಏಕೆಂದರೆ ಹಿಂದೆ ಒಂದು ಸಣ್ಣ ತೂತಿನಲ್ಲಿ ರೀಸೆಟ್ ಗುಂಡಿ ಇರುತ್ತದೆ. ಯಾರಾದರೂ ಸೇಫ್ಟಿ ಪಿನ್ನಿನಿಂದ ಒತ್ತಿ ಹಿಡಿದರೆ ನಿಮ್ಮ ಬೀಗವೆಲ್ಲ ಹೋಗಿ ಮತ್ತೆ ಕಾರ್ಖಾನೆಯ ಬೀಗ. ರೀಸೆಟ್ ಆದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು.

ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ಬಿಲ್ ನಿಧಾನವಾಗುತ್ತಿತ್ತು. ಕಾರಣ ತಿಳಿದು ನಕ್ಕೂ ನಕ್ಕೂ ಸಾಕಾಯಿತು. ಅಂಗಡಿಯ ಹಿಂದೆ ಹುಡುಗಿಯರು ಬುತ್ತಿ ಬಿಸಿ ಮಾಡುವ ಮೈಕ್ರೋವೇವ್ ಒಲೆ! ಆ ಒಲೆಯ ಅಲೆಯೂ ವೈ-ಫೈಯ ಒಂದು ಅಲೆಯೂ ಹೆಚ್ಚು ಕಡಿಮೆ ಒಂದೇ, 2.4 ಗಿಗಾಹರ್ಟ್ಸ್ ಆಸುಪಾಸು. ಈಗಿನ ರೂಟರುಗಳಲ್ಲಿ 5 ಗಿಗಾಹರ್ಟ್ಸಿನ ಇನ್ನೊಂದು ಅಲೆಯೂ ಇದೆ. ವೇಗ ಹೆಚ್ಚು, ಒಲೆಯ ಕಾಟ ಇಲ್ಲ, ಆದರೆ ಗೋಡೆ ದಾಟುವ ಕಸುವು ಕಡಿಮೆ. ಬಿಲ್ಲಿನ ಕಂಪ್ಯೂಟರಿಗೆ ಅದನ್ನು ಕೊಟ್ಟು, ಮೇಲಿನ ಮನೆಗೆ ಹಳೆಯದನ್ನೇ ಇಟ್ಟುಕೊಂಡೆವು. (ಅಲೆಯ ಮಾತು ಬಂತೆಂದು ಹೇಳುತ್ತೇನೆ. ರೇಡಿಯೊ ಸಂದೇಶವನ್ನು ಶತ್ರು ಕೆಡಿಸದಂತೆ ಒಂದು ಕಂಪನದಿಂದ ಇನ್ನೊಂದಕ್ಕೆ ನೆಗೆಯಿಸುವ ಉಪಾಯಕ್ಕೆ 1942ರಲ್ಲಿ ಪೇಟೆಂಟ್ ಪಡೆದ ಇಬ್ಬರಲ್ಲಿ ಒಬ್ಬಳು ಹಾಲಿವುಡ್ಡಿನ ಚೆಲುವೆ ಹೆಡಿ ಲಮಾರ್. ಇಂದಿನ ಬ್ಲೂಟೂತ್ ಆ ಬಗೆಯ ನೆಗೆತವನ್ನೇ ಬಳಸುತ್ತದೆ. 1997ರ ಮೊದಲ ವೈ-ಫೈ ಪ್ರಮಾಣದಲ್ಲೂ ಅದು ಒಂದು ವಿಧಾನವಾಗಿತ್ತು. ಬರೀ ಮುಖ ನೋಡಿ ಮೆಚ್ಚಿದವರು ಎಷ್ಟು ಜನವೋ!)

ನಮ್ಮ ಕಡೆ ಜೂನ್ ಬಂತೆಂದರೆ ಕರೆಂಟಿನ ಕಣ್ಣುಮುಚ್ಚಾಲೆ. ರೂಟರಿಗೆಂದೇ ಅಂಗೈಯಗಲದ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರಿನ ಮೇಲೆ 9 ವೋಲ್ಟ್ ಎಂದಿದೆಯೋ 12 ಎಂದಿದೆಯೋ ನೋಡಿ. ಅದಕ್ಕೂ ಇದಕ್ಕೂ ಹೊಂದಬೇಕು. ಫೈಬರ್ ಸಂಪರ್ಕವಾದರೆ ಇನ್ನೊಂದು ಡಬ್ಬಿಯೂ ಇರುತ್ತದೆ, ಅದಕ್ಕೂ ಕರೆಂಟು ಬೇಕೆಂಬುದನ್ನು ಮರೆತು ನಾನು ಎರಡು ಸಲ ಪೇಟೆಗೆ ಹೋಗಿಬಂದೆ. ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕಿತ್ತಿಡಿ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದಿದ್ದರೂ ಗೋಡೆಯ ಪ್ಲಗ್ಗಿನಿಂದ ಹೊಡೆತ ಬರಬಹುದು.

ಇಷ್ಟೆಲ್ಲ ಮಾಡಿದರೂ ರೂಟರ್ ತಡೆಯದ ಕಳ್ಳತನವೂ ಇದೆ. ಫೋನ್ ಮಾಡಿ ‘ಬ್ಯಾಂಕಿನಿಂದ ಮಾತಾಡ್ತಿದೀನಿ, ಓಟಿಪಿ ಹೇಳಿ’ ಎಂದವನಿಗೆ ನಾವೇ ಹೇಳಿಬಿಟ್ಟರೆ ಯಾವ ಫೈರ್‌ವಾಲೂ ಏನೂ ಮಾಡಲಾರದು. ಹಾಗೆ ದುಡ್ಡು ಹೋದರೆ ಅಳುತ್ತಾ ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಗೆಂದೇ ಸರ್ಕಾರ ಇಟ್ಟಿರುವ ಸಂಖ್ಯೆ ಅದು. ಬೇಗ ತಿಳಿಸಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು.

ಟೀಚರು ಬಂದದ್ದು ಯುಗಾದಿಯ ಹಿಂದಿನ ವಾರ. ದೊಡ್ಡ ಮಗಳಿಗೆ ಕೆಲಸ ಸಿಕ್ಕಿತೆಂದು ಒಂದು ರೇಷ್ಮೆ ಸೀರೆ ಆರಿಸಿದರು. ನಗದು ಕೊಟ್ಟರು. ರವಿಕೆ ಬಟ್ಟೆ ಕತ್ತರಿಸುವಾಗ, ‘ನನ್ನದು ಹಳೇ ಅಳತೆ ಎಲ್ಲಿದೆ ಈಗ?’ ಎಂದು ಕೇಳಿದರು. ಆ ದಿನವೇ ಅಳಿಸಿದ್ದೇನೆ ಎಂದೆ. ಜಗಲಿ, ಅಡುಗೆಮನೆ ಎಲ್ಲ ವಿವರಿಸಿದೆ. ಹೊಸದಾಗಿ ಅಳತೆ ತೆಗೆದುಕೊಂಡು, ‘ಕಂಪ್ಯೂಟರಿಗೆ ಹಾಕಲಾ, ಪುಸ್ತಕದಲ್ಲೇ ಇರ್ಲಾ?’ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ‘ಅಳತೆ ಹಾಕ್ಕೊಳ್ಳಿ. ಹೆಸರು ಬೇಡ. ನಾವು ಪರೀಕ್ಷೇಲಿ ಮಕ್ಕಳಿಗೆ ಕೊಡ್ತೀವಲ್ಲ, ಹಾಗೆ ಒಂದು ನಂಬರ್ ಕೊಡಿ’ ಎಂದರು.

ಅಕ್ಕನ ಮಗಳಿಗೂ ಇದು ಹೊಳೆದಿರಲಿಲ್ಲ. ಈಗ ಕಂಪ್ಯೂಟರಿನಲ್ಲಿ ಬರೀ ನಂಬರು, ಬಾಕಿ, ಅಳತೆ. ಯಾವ ನಂಬರು ಯಾರದೆಂಬುದು ಮತ್ತೆ ಆ ಕೆಂಪು ರಟ್ಟಿನ ಪುಸ್ತಕದಲ್ಲಿದೆ. ಪುಸ್ತಕ ಡ್ರಾಯರಿನಲ್ಲಿ, ಬೀಗದ ಕೈ ನನ್ನ ಸೆರಗಿನಲ್ಲಿ.